ಹಳೆಯ ಸೈ-ಫೈ ಆಟದಲ್ಲಿ ಸಿಕ್ಕಿಕೊಂಡಾಗ: ವಾಕ್‌ತ್ರೂ ಮುಚ್ಚಿಟ್ಟು ಆಡುವುದು ಹೇಗೆ?

ಪ್ರಶ್ನೆ: ಒಗಟು ಬಿಡಿಸುತ್ತಾ ಕಥೆಯಲ್ಲಿ ಮುಂದೆ ಹೋಗುವ ಹಳೆಯ ಸೈ-ಫೈ ಅಡ್ವೆಂಚರ್ ಆಟಗಳ ಬಗ್ಗೆ ತುಂಬಾ ಕೇಳಿದ್ದೆ. ಉಚಿತವಾಗಿ ಸಿಗುತ್ತದೆ ಎಂದು ‘ಬಿನೀತ್ ಎ ಸ್ಟೀಲ್ ಸ್ಕೈ’ ಇಳಿಸಿಕೊಂಡೆ. ಚಿತ್ರ, ಸಂಗೀತ, ಕಥೆ ಎಲ್ಲಾ ಇಷ್ಟವಾಯಿತು. ಆದರೆ ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿಕೊಂಡೆ. ವಾಕ್‌ತ್ರೂ (ಪ್ರತಿ ಹೆಜ್ಜೆಯ ಉತ್ತರವನ್ನೂ ಹೇಳಿಬಿಡುವ ಬರಹ) ತೆರೆದೆ. ಆಮೇಲೆ ಅದನ್ನು ಮುಚ್ಚಲು ಆಗಲೇ ಇಲ್ಲ. ಈಗ ಅರ್ಧ ಆಟ ಮುಗಿದಿದೆ. ಆದರೆ ನಾನೇ ಆಡಿದೆ ಅಂತ ಅನಿಸುತ್ತಿಲ್ಲ. ಆಗಿನ ಕಾಲದವರು ಇದನ್ನೆಲ್ಲ ಹೇಗೆ ಬಿಡಿಸುತ್ತಿದ್ದರು? ನನಗೆ ಅಷ್ಟು ತಲೆ ಇಲ್ಲವಾ? ಮುಂದುವರಿಸಲಾ, ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ತಲೆಯ ಚಿಂತೆಯನ್ನಂತೂ ಮೊದಲು ಬಿಡಿ. ಈ ಆಟಗಳನ್ನು ನಾನು ವರ್ಷಗಟ್ಟಲೆ ಆಡಿದ್ದೇನೆ, ಬೇರೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿಸಿದ್ದೇನೆ. ತುಂಬಾ ಜಾಣರು ಹತ್ತೇ ನಿಮಿಷಕ್ಕೆ ಕೈಚೆಲ್ಲಿದ್ದನ್ನು ನೋಡಿದ್ದೇನೆ. ಎಲ್ಲವನ್ನೂ ಸುಮ್ನೆ ಮುಟ್ಟಿ ಮುಟ್ಟಿ ನೋಡುವ ಮಕ್ಕಳು ಅದೇ ಜಾಗವನ್ನು ಆರಾಮಾಗಿ ದಾಟಿದ್ದನ್ನೂ ನೋಡಿದ್ದೇನೆ. ಇಲ್ಲಿ ಬೇಕಾದದ್ದು ಗಮನ. ಒಂದೆರಡು ಸಂಜೆ ಕೂತರೆ ಅದು ರೂಢಿಯಾಗುತ್ತದೆ.

ಆಗಿನವರು ಹೇಗೆ ಬಿಡಿಸುತ್ತಿದ್ದರು ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ, ಎಷ್ಟೋ ಜನ ಒಬ್ಬರೇ ಬಿಡಿಸುತ್ತಿರಲಿಲ್ಲ. ಒಂದೇ ಬಾಗಿಲ ಮುಂದೆ ವಾರಗಟ್ಟಲೆ ನಿಲ್ಲುತ್ತಿದ್ದರು. ಗೆಳೆಯರನ್ನು ಕೇಳುತ್ತಿದ್ದರು. ಕಂಪನಿಗಳು ಸುಳಿವು ಹೇಳುವುದಕ್ಕೆಂದೇ ಫೋನ್ ಲೈನ್ ಇಟ್ಟಿದ್ದವು, ಸುಳಿವಿನ ಪುಸ್ತಕಗಳನ್ನೂ ಮಾರುತ್ತಿದ್ದವು. ಅಂದರೆ ಸಿಕ್ಕಿಕೊಳ್ಳುವುದು ಆಗ ಎಲ್ಲರಿಗೂ ಮಾಮೂಲು. ಆಟವನ್ನು ಕಟ್ಟಿದವರೂ ಅದನ್ನು ಲೆಕ್ಕಕ್ಕೆ ಹಿಡಿದೇ ಕಟ್ಟುತ್ತಿದ್ದರು.

ನನಗೆ ಬಹಳ ಇಷ್ಟವಾದದ್ದು ಇನ್ಫೋಕಾಮ್ ಕಂಪನಿಯ ‘ಇನ್ವಿಸಿಕ್ಲೂಸ್’ ಪುಸ್ತಕಗಳು. 1980ರ ದಶಕದವು. ಪ್ರಶ್ನೆ ಮಾಮೂಲಿ ಶಾಯಿಯಲ್ಲಿ ಅಚ್ಚಾಗಿರುತ್ತಿತ್ತು. ಅದರ ಕೆಳಗೆ ಖಾಲಿ ಜಾಗ. ಜೊತೆಗೆ ಬಂದ ಪೆನ್ನಿನಿಂದ ಆ ಜಾಗದ ಮೇಲೆ ಉಜ್ಜಿದರೆ ಉತ್ತರ ಮೂಡುತ್ತಿತ್ತು. ಅದೂ ಒಂದೇ ಸಲಕ್ಕೆ ಅಲ್ಲ. ಮೊದಲ ಸಾಲಿನಲ್ಲಿ ಸಣ್ಣ ಸುಳಿವು, ಎರಡನೆಯದರಲ್ಲಿ ಇನ್ನೊಂಚೂರು, ಕೊನೆಯ ಸಾಲಿನಲ್ಲಿ ಪೂರ್ತಿ ಉತ್ತರ. ಪುಸ್ತಕದ ಪ್ರಶ್ನೆಗಳನ್ನು ಓದಿಯೇ ಕಥೆ ಗೊತ್ತಾಗಿಬಿಡಬಾರದು ಅಂತ ಆಟದಲ್ಲಿ ಇಲ್ಲವೇ ಇಲ್ಲದ ವಸ್ತುಗಳ ಬಗ್ಗೆಯೂ ಕೆಲವು ಸುಳ್ಳು ಪ್ರಶ್ನೆ ಸೇರಿಸುತ್ತಿದ್ದರು. ಆಟಗಾರನ ಖುಷಿಯನ್ನು ಎಷ್ಟು ಜೋಪಾನ ಮಾಡುತ್ತಿದ್ದರು ನೋಡಿ.

ವಾಕ್‌ತ್ರೂ ಕೆಡಿಸುವುದು ಇದನ್ನೇ. ಅದರಲ್ಲಿ ‘ಇದನ್ನು ತೆಗೆದುಕೋ, ಅಲ್ಲಿಗೆ ಹೋಗು, ಇದನ್ನು ಅದಕ್ಕೆ ಹಾಕು’ ಎಂದಷ್ಟೇ ಇರುತ್ತದೆ. ಯಾಕೆ ಅನ್ನುವುದು ಇರುವುದಿಲ್ಲ. ಒಂದು ಒಗಟಿನ ‘ಯಾಕೆ’ ನಿಮಗೆ ತಪ್ಪಿಹೋದರೆ, ಮುಂದಿನ ಒಗಟಿಗೆ ಬೇಕಾದ ತಯಾರಿಯೂ ತಪ್ಪಿಹೋಯಿತು. ಅದಕ್ಕೇ ಒಮ್ಮೆ ತೆರೆದ ವಾಕ್‌ತ್ರೂ ಮುಚ್ಚಲು ಆಗುವುದಿಲ್ಲ. ನಿಮಗೆ ಆಗಿರುವುದೂ ಇದೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಂಥ ಆಟದಲ್ಲಿ ನೀವು ತಪ್ಪು ಮಾಡಿದಾಗ ಆಟ ಏನು ಹೇಳುತ್ತದೋ, ಅದೇ ನಿಮ್ಮ ಸುಳಿವು. ಹೊಸಬರು ತಪ್ಪಾದ ಕೂಡಲೇ ಆ ಮಾತನ್ನು ಕ್ಲಿಕ್ ಮಾಡಿ ಹಾರಿಸಿಬಿಡುತ್ತಾರೆ. ಅನುಭವಿಗಳು ಬೇಕೆಂದೇ ತಪ್ಪು ಮಾಡಿ ಆ ಮಾತನ್ನು ಕೇಳಿಸಿಕೊಳ್ಳುತ್ತಾರೆ. ‘ಅದು ಆಗಲ್ಲ’ ಎಂಬ ಸಪ್ಪೆ ಉತ್ತರ ಬಂದರೆ ಆ ದಾರಿ ಬಹುತೇಕ ಮುಚ್ಚಿದೆ. ‘ತುಂಬಾ ಬಿಸಿ ಇದೆ’, ‘ಕೈಗೆ ಎಟುಕುತ್ತಿಲ್ಲ’, ‘ಅವನು ನೋಡುತ್ತಿದ್ದಾನೆ’ ಎಂಬಂಥ ಉತ್ತರ ಬಂದರೆ ನಿಲ್ಲಿ. ಅದನ್ನು ಯಾರೋ ಕೂತು ಬರೆದಿದ್ದಾರೆ. ನೀವು ಅಲ್ಲಿಗೆ ಬಂದೇ ಬರುತ್ತೀರಿ ಎಂದು ಗೊತ್ತಿದ್ದೇ ಬರೆದಿದ್ದಾರೆ. ಬಿಸಿ ಇದ್ದರೆ ತಣ್ಣಗೆ ಮಾಡುವುದು ಹೇಗೆ, ಎಟುಕದಿದ್ದರೆ ಉದ್ದ ಮಾಡುವುದು ಹೇಗೆ, ಅವನು ನೋಡುತ್ತಿದ್ದರೆ ಅವನ ಗಮನ ಬೇರೆ ಕಡೆ ಸೆಳೆಯುವುದು ಹೇಗೆ? ಹೀಗೆ ಪ್ರಶ್ನೆ ಸಣ್ಣದಾಗುತ್ತಾ ಹೋಗುತ್ತದೆ.

ನಿಮ್ಮ ಆಟದ ಮೊದಲ ದೃಶ್ಯವನ್ನೇ ತೆಗೆದುಕೊಳ್ಳೋಣ. ಕಥಾನಾಯಕ ರಾಬರ್ಟ್ ಫಾಸ್ಟರ್ ಕಾರ್ಖಾನೆಯೊಳಗೆ ಮೇಲಿನ ಕಬ್ಬಿಣದ ಅಟ್ಟದಲ್ಲಿ ಅಡಗಿದ್ದಾನೆ. ಕೈಯಲ್ಲಿ ಏನೂ ಇಲ್ಲ, ಜೋಯಿ ಎಂಬ ಗೆಳೆಯ ರೋಬಾಟ್‌ನ ಸರ್ಕ್ಯೂಟ್ ಬೋರ್ಡ್ ಒಂದು ಬಿಟ್ಟರೆ. ಬಾಗಿಲು ಮುಚ್ಚಿದೆ. ಇಲ್ಲಿ ಹೆಚ್ಚಿನವರು ಬಾಗಿಲಿನ ಮೇಲೇ ಕ್ಲಿಕ್ ಮಾಡುತ್ತಾ ಕೂರುತ್ತಾರೆ. ಆದರೆ ಯೋಚನೆ ಹೀಗೆ ಹೋಗಬೇಕು: ಬಾಗಿಲಿಗೆ ಕೀಲಿ ಇಲ್ಲ, ಕೀಲಿ ಕೊಡುವವರೂ ಇಲ್ಲ. ಹಾಗಾದರೆ ಮೀಟಬೇಕು. ಮೀಟಲು ಗಟ್ಟಿಯಾದದ್ದೊಂದು ಬೇಕು. ಸುತ್ತ ಇರುವುದೆಲ್ಲ ಕಬ್ಬಿಣ. ಇದರಲ್ಲಿ ಯಾವುದು ಕಿತ್ತು ಬರುತ್ತದೆ? ಮೆಟ್ಟಿಲ ಒಂದು ಸರಳು ಕಿತ್ತು ಬರುತ್ತದೆ. ಅದೇ ಮೀಟುಗೋಲು. ಆಮೇಲೆ ಕೆಳಗೆ ಇಳಿದರೆ ಗುಜರಿ ರಾಶಿ, ಅದರಲ್ಲಿ ಒಂದು ರೋಬಾಟ್‌ನ ಖಾಲಿ ಮೈ. ನಿಮ್ಮ ಹತ್ತಿರ ಮೈ ಇಲ್ಲದ ಬೋರ್ಡ್ ಇದೆ, ಅಲ್ಲಿ ಬೋರ್ಡ್ ಇಲ್ಲದ ಮೈ ಇದೆ. ಇಷ್ಟೇ ಒಗಟು. ಆದರೆ ಜೋಯಿ ಕಣ್ಣುಬಿಟ್ಟು ಮಾತಾಡಿದಾಗ ಆಗುವ ಖುಷಿಯೇ ಬೇರೆ. ನೀವಾಗಿಯೇ ಹೊಳೆಸಿಕೊಂಡು ಮಾಡಿದ್ದರೆ ಮಾತ್ರ ಆ ಖುಷಿ ಸಿಗುತ್ತದೆ.

ಆ ಎರಡು ಒಗಟುಗಳೂ ಇಡೀ ಆಟದ ಪಾಠವನ್ನು ಮೊದಲೇ ಹೇಳಿಬಿಡುತ್ತವೆ. ಒಂದು, ಈ ಲೋಕದಲ್ಲಿ ವಸ್ತುಗಳು ನಿಜ ಜೀವನದಲ್ಲಿ ಮಾಡುವ ಕೆಲಸವನ್ನೇ ಮಾಡುತ್ತವೆ. ಸರಳು ಮೀಟುತ್ತದೆ. ಮುಂದೆ ಸಿಗುವ ವ್ರೆಂಚ್ ತಿರುಗುವ ಗೇರುಗಳಿಗೆ ಸಿಕ್ಕಿಸಿದರೆ ಯಂತ್ರ ನಿಲ್ಲುತ್ತದೆ. ಎರಡು, ಜೋಯಿಯೇ ನಿಮ್ಮ ದೊಡ್ಡ ಉಪಕರಣ. ಅವನ ಬೋರ್ಡನ್ನು ಬೇರೆ ಮೈಗೆ ಹಾಕಿದಾಗಲೆಲ್ಲ ಅವನಿಗೆ ಹೊಸ ಕೆಲಸ ಬರುತ್ತದೆ. ವೆಲ್ಡಿಂಗ್ ರೋಬಾಟ್‌ನ ಮೈ ಸಿಕ್ಕರೆ ಅವನು ಏನು ಮಾಡಬಲ್ಲ ಎಂದು ನಾನು ಹೇಳಬೇಕಾಗಿಲ್ಲ ಅಲ್ವಾ?

ಜಾಗವನ್ನು ಓದುವುದೂ ಅಷ್ಟೇ ಮುಖ್ಯ. ಈ ಆಟ ನಡೆಯುವ ಯೂನಿಯನ್ ಸಿಟಿ ತಲೆಕೆಳಗಾದ ಊರು. ಕಾರ್ಖಾನೆ, ಹೊಗೆ, ದುಡಿಯುವ ಜನ ಎಲ್ಲ ಮೇಲೆ. ಸಿರಿವಂತರು ಕೆಳಗೆ, ನೆಲದ ಮಟ್ಟದಲ್ಲಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ನೀವು ಯಾವಾಗಲೂ ಕೆಳಗೆ ಇಳಿಯುವ ದಾರಿ ಹುಡುಕುತ್ತೀರಿ, ಲಿಫ್ಟ್ ಕಂಡರೆ ಕಾರ್ಡ್ ಬೇಕೇನೋ ಎಂದು ಊಹಿಸುತ್ತೀರಿ. ಊರನ್ನು ಆಳುವುದು ಲಿಂಕ್ ಎಂಬ ಕಂಪ್ಯೂಟರ್. ಹಾಗಾದರೆ ಗುರುತಿನ ಚೀಟಿ, ಪರವಾನಗಿ, ಹೆಸರು ಇವುಗಳಿಗೇ ಇಲ್ಲಿ ಬೆಲೆ. ಇದೆಲ್ಲ ಹಿನ್ನೆಲೆ ಕಥೆ ಅಂತ ಬಿಟ್ಟುಬಿಟ್ಟರೆ ಒಗಟು ಕಗ್ಗಂಟಾಗುತ್ತದೆ.

ಒಂದು ಸಣ್ಣ ವಿಷಯ, ಆದರೆ ತುಂಬಾ ಜನ ಇದರಲ್ಲೇ ಸೋಲುತ್ತಾರೆ. ಈ ಆಟದಲ್ಲಿ ಮೌಸ್‌ನ ಎಡ ಗುಂಡಿ ನೋಡುವುದಕ್ಕೆ, ಬಲ ಗುಂಡಿ ಕೆಲಸ ಮಾಡುವುದಕ್ಕೆ. ಎಡ ಗುಂಡಿಯನ್ನಷ್ಟೇ ಒತ್ತುತ್ತಿದ್ದರೆ ಫಾಸ್ಟರ್ ಎಲ್ಲದರ ಬಗ್ಗೆ ಏನಾದರೊಂದು ಹೇಳುತ್ತಾನೆ, ಮಾಡುವುದು ಏನೂ ಇಲ್ಲ. ಬಲ ಗುಂಡಿಯನ್ನಷ್ಟೇ ಒತ್ತಿದರೆ ಅವನ ಮಾತಿನಲ್ಲಿರುವ ಸುಳಿವು ಕಿವಿಗೇ ಬೀಳುವುದಿಲ್ಲ. ಸಂಗ್ರಹಿಸಿದ ವಸ್ತುಗಳು ಪರದೆಯ ಮೇಲಿನ ಅಂಚಿಗೆ ಮೌಸ್ ಒಯ್ದರೆ ಕಾಣುತ್ತವೆ. ಅಲ್ಲಿರುವ ಪ್ರತಿಯೊಂದನ್ನೂ ನೋಡಿ. ಸಬ್‌ಟೈಟಲ್ ಕೂಡ ಹಾಕಿಕೊಳ್ಳಿ. ಧ್ವನಿ ಇದ್ದರೂ ಅಕ್ಷರ ಕಂಡರೆ ಒಳ್ಳೆಯದು, ಒಂದೇ ಪದದಲ್ಲಿ ಸುಳಿವು ಇರುವುದುಂಟು.

ಇನ್ನೊಂದು ವಿಶೇಷ ಈ ಆಟಕ್ಕಿದೆ. ಇದನ್ನು ಮಾಡಿದ ರೆವಲ್ಯೂಷನ್ ಸಾಫ್ಟ್‌ವೇರ್‌ನವರು ‘ವರ್ಚುವಲ್ ಥಿಯೇಟರ್’ ಎಂಬ ವ್ಯವಸ್ಥೆ ಬಳಸಿದ್ದರು. ಅದರಲ್ಲಿ ಪಾತ್ರಗಳು ಒಂದೇ ಕಡೆ ಗೂಟ ಹೊಡೆದ ಹಾಗೆ ನಿಂತಿರುವುದಿಲ್ಲ, ತಮ್ಮ ಪಾಡಿಗೆ ಓಡಾಡುತ್ತಾ ಇರುತ್ತಾರೆ. ಆದ್ದರಿಂದ ಬೇಕಾದ ಮನುಷ್ಯ ಅಲ್ಲಿ ಇಲ್ಲದಿದ್ದರೆ ಗಾಬರಿ ಬೇಡ. ಒಂದು ಸುತ್ತು ಹಾಕಿ ಬನ್ನಿ, ಅಥವಾ ಕಾಯಿರಿ. ಎಷ್ಟೋ ಸಲ ನಿಮ್ಮ ಉಪಾಯ ಸರಿಯೇ ಇರುತ್ತದೆ, ಹೊತ್ತು ಮಾತ್ರ ಸರಿ ಇರುವುದಿಲ್ಲ.

ನೋಡಿದ್ದನ್ನು ಮತ್ತೆ ನೋಡುವ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಲೂಕಸ್ ಆರ್ಟ್ಸ್‌ನವರ ‘ದಿ ಡಿಗ್’ 1995ರ ಆಟ. ಭೂಮಿಯತ್ತ ಬರುತ್ತಿರುವ ಕ್ಷುದ್ರಗ್ರಹದಿಂದ ಶುರುವಾಗಿ ಮೂವರು ಒಂದು ಅನ್ಯಲೋಕಕ್ಕೆ ಹೋಗಿ ಬೀಳುತ್ತಾರೆ. ಅಲ್ಲಿ ಆಮೆಯಂಥ ಪ್ರಾಣಿಯೊಂದರ ಮೂಳೆಗಳನ್ನು ಸರಿಯಾಗಿ ಜೋಡಿಸಬೇಕು. ನಾನು ಎರಡು ಸಂಜೆ ಆ ಮೂಳೆಗಳನ್ನು ಅಡ್ಡಾದಿಡ್ಡಿ ಜೋಡಿಸಿ ನೋಡಿದೆ. ಪಕ್ಕೆಲುಬು ಇರಬೇಕಾದಲ್ಲಿ ಕಾಲು, ಕಾಲು ಇರಬೇಕಾದಲ್ಲಿ ಬಾಲ. ಸೋತು ಎದ್ದು, ಮೊದಲೇ ನೋಡಿದ್ದ ಜಾಗಗಳಿಗೆಲ್ಲ ಮತ್ತೆ ಹೋದೆ. ಬಂಡೆಯಲ್ಲಿ ಒಂದು ಪಳೆಯುಳಿಕೆ ಇತ್ತು. ಮೊದಲ ಸಲ ‘ಓ, ಚೆನ್ನಾಗಿದೆ’ ಎಂದು ನೋಡಿ ದಾಟಿಹೋಗಿದ್ದೆ. ಅದೇ ಪ್ರಾಣಿ! ಮೂಳೆಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಕಾಗದದ ಮೇಲೆ ಅದನ್ನು ಬರೆದುಕೊಂಡು ವಾಪಸ್ ಹೋದೆ. ಐದು ನಿಮಿಷದ ಕೆಲಸ. ಅವತ್ತಿನಿಂದ, ಆಟ ಕಾರಣವಿಲ್ಲದೆ ಏನನ್ನಾದರೂ ಹತ್ತಿರದಿಂದ ತೋರಿಸಿದರೆ ನಾನು ಪೆನ್ನು ಕೈಗೆತ್ತಿಕೊಳ್ಳುತ್ತೇನೆ.

ಪೆನ್ನು, ಕಾಗದ ಇಲ್ಲದೆ ಇಂಥ ಆಟಕ್ಕೆ ಕೂರಬೇಡಿ. ಮೊಬೈಲಲ್ಲಿ ಫೋಟೋ ತೆಗೆದರೆ ಸಾಲದಾ ಎಂದು ಕೇಳುತ್ತಾರೆ. ಸಾಲದು. ಕೈಯಲ್ಲಿ ಬರೆಯುವಾಗಲೇ ಕಣ್ಣಿಗೆ ವಿನ್ಯಾಸ ಹೊಳೆಯುವುದು. ಇದಕ್ಕೆ ಸಯಾನ್ ಕಂಪನಿಯ ‘ರಿವೆನ್’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1997ರ ಆಟ, ಐದು ಸಿ.ಡಿ.ಗಳಲ್ಲಿ ಬಂದಿತ್ತು. ಅದರಲ್ಲಿ ಬೇರೆಯೇ ಅಂಕಿಗಳು. ಯಾರೂ ಕಲಿಸುವುದಿಲ್ಲ. ಆದರೆ ಮಕ್ಕಳ ಶಾಲೆಯೊಂದರ ಕೋಣೆಯಲ್ಲಿ ಒಂದು ಆಟಿಕೆ ಇದೆ. ಅದನ್ನು ತಿರುಗಿಸಿದರೆ ಒಂದು ಚಿಹ್ನೆ ಕಾಣಿಸುತ್ತದೆ, ನೇತಾಡುವ ಗೊಂಬೆಯೊಂದು ಅಷ್ಟು ಹೆಜ್ಜೆ ಕೆಳಗಿಳಿಯುತ್ತದೆ. ಹೆಜ್ಜೆ ಎಣಿಸಿದರೆ ಚಿಹ್ನೆಯ ಬೆಲೆ ಸಿಕ್ಕಿತು. ಇಲ್ಲಿಗೇ ಮುಗಿಯಲಿಲ್ಲ. ಆಟಿಕೆಯಲ್ಲಿ ಸಿಗುವುದು 10ರವರೆಗೆ ಮಾತ್ರ. ಬರೆದುಕೊಂಡ ಚಿಹ್ನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ: 5ರ ಚಿಹ್ನೆ ಅಂದರೆ 1ರ ಚಿಹ್ನೆಯನ್ನೇ ಕಾಲು ಸುತ್ತು ತಿರುಗಿಸಿದ್ದು. 6 ಅಂದರೆ ಆ 5ರ ಮೇಲೆ 1 ಬರೆದದ್ದು. ಹಾಗಾದರೆ 2ನ್ನು ತಿರುಗಿಸಿದರೆ 10. 3ನ್ನು ತಿರುಗಿಸಿದರೆ 15. ಆಟಿಕೆ ತೋರಿಸದ ಅಂಕಿಗಳನ್ನು ನೀವೇ ಕಟ್ಟಿಕೊಂಡಿರಿ! ಇದು ನನಗೆ ಹೊಳೆದ ರಾತ್ರಿ ನಿದ್ದೆ ಬರಲಿಲ್ಲ. ವಾಕ್‌ತ್ರೂನಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ, ‘ಈ ಅಂಕಿ ಒತ್ತಿ’ ಎಂದು.

ಎಲ್ಲ ಹಳೆಯ ಆಟಗಳೂ ಇಷ್ಟು ನ್ಯಾಯವಾಗಿ ನಡೆದುಕೊಳ್ಳುವುದಿಲ್ಲ. ಇದನ್ನು ಗಟ್ಟಿಯಾಗಿಯೇ ಹೇಳಬೇಕು, ಯಾಕೆಂದರೆ ಆಟದ ತಪ್ಪನ್ನು ತಮ್ಮ ತಪ್ಪು ಎಂದುಕೊಂಡು ಬೇಸರ ಪಟ್ಟುಕೊಳ್ಳುವವರು ಜಾಸ್ತಿ. ಕೆಲವು ಆಟಗಳಲ್ಲಿ ಮೊದಲ ಹತ್ತು ನಿಮಿಷದಲ್ಲಿ ಒಂದು ವಸ್ತು ಬಿಟ್ಟುಬಂದರೆ, ಹತ್ತು ಗಂಟೆಯ ನಂತರ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಆಟ ಆಗಲೂ ಏನೂ ಹೇಳುವುದಿಲ್ಲ. ಇನ್ಫೋಕಾಮ್‌ನ 1984ರ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಇದಕ್ಕೆ ಹೆಸರುವಾಸಿ. ಶುರುವಿನಲ್ಲಿ ಒಂದು ನಾಯಿಗೆ ಸ್ಯಾಂಡ್‌ವಿಚ್ ಹಾಕಬೇಕು. ಹಾಕದಿದ್ದರೆ, ಎಷ್ಟೋ ಹೊತ್ತಿನ ಮೇಲೆ ಆ ಹಸಿದ ನಾಯಿ ಪುಟಾಣಿ ಅಂತರಿಕ್ಷ ಸೈನ್ಯವನ್ನೇ ನುಂಗಿಬಿಡುತ್ತದೆ. ಅಷ್ಟರಲ್ಲಿ ಕಥೆಯಲ್ಲಿ ಭೂಮಿಯೇ ನಾಶವಾಗಿರುತ್ತದೆ, ಸುಮ್ಮನೆ ವಾಪಸ್ ಹೋಗಿ ಹಾಕಲು ಆಗುವುದಿಲ್ಲ. ಇದನ್ನು ಬರೀ ಬುದ್ಧಿಯಿಂದ ಬಿಡಿಸುವುದು ತುಂಬಾ ಕಷ್ಟ. ಹಳೆಯ ಸೇವ್ (ಆಟವನ್ನು ಆ ಹಂತದಲ್ಲೇ ಉಳಿಸಿಟ್ಟ ಪ್ರತಿ) ಇದ್ದರೆ ಸುಲಭ.

ಸಿಯೆರಾ ಕಂಪನಿಯ ‘ಸ್ಪೇಸ್ ಕ್ವೆಸ್ಟ್’ ಆಟಗಳೂ ಸುಮಾರಾಗಿ ಹೀಗೇ. ಅವುಗಳಲ್ಲಿ ಸಾಯುವುದೂ ಸುಲಭ. ಹಾಗಂತ ಸಾವೇ ಕೆಟ್ಟದ್ದಲ್ಲ. ಎರಿಕ್ ಶಾಹಿ ಅವರ ‘ಅನದರ್ ವರ್ಲ್ಡ್’ (1991) ಶುರುವಾಗುವುದೇ ನೀರಿನೊಳಗೆ. ಏನು ಮಾಡಬೇಕು ಎಂದು ಯಾರೂ ಹೇಳುವುದಿಲ್ಲ, ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಸುಮ್ಮನೆ ನೋಡುತ್ತಾ ಕೂತರೆ ಸತ್ತಿರಿ. ಆದರೆ ಎರಡನೆಯ ಸಲ ಮೇಲಕ್ಕೆ ಈಜುತ್ತೀರಿ. ಆ ಆಟದಲ್ಲಿ ಪ್ರತಿ ಸಾವೂ ಒಂದು ಸುಳಿವು, ಸತ್ತ ಜಾಗದ ಹತ್ತಿರದಲ್ಲೇ ಮತ್ತೆ ಶುರು ಮಾಡಬಹುದು. ನಾಯಿಯ ಕಥೆ ಹಾಗಲ್ಲ. ಸತ್ತದ್ದೂ ಗೊತ್ತಾಗುವುದಿಲ್ಲ.

ಲೂಕಸ್ ಆರ್ಟ್ಸ್‌ನಲ್ಲಿ ಆಟಗಳನ್ನು ಕಟ್ಟುತ್ತಿದ್ದ ರಾನ್ ಗಿಲ್ಬರ್ಟ್ 1989ರಲ್ಲೇ ಇಂಥ ಅನ್ಯಾಯದ ಒಗಟುಗಳ ವಿರುದ್ಧ ಬರೆದಿದ್ದರು. ಅವರ ಒಂದು ಮಾತು ಆಡುವವರಿಗೂ ಉಪಯೋಗ: ಒಳ್ಳೆಯ ಆಟದಲ್ಲಿ ಬೀಗ ಮೊದಲು ಕಾಣಬೇಕು, ಕೀಲಿ ಆಮೇಲೆ ಸಿಗಬೇಕು. ಆದ್ದರಿಂದ ನೀವು ಕಾಗದದಲ್ಲಿ ಬರೆಯಬೇಕಾದದ್ದು ವಸ್ತುಗಳ ಪಟ್ಟಿಯನ್ನಲ್ಲ, ಬೀಗಗಳ ಪಟ್ಟಿಯನ್ನು. ದಾಟಲಾಗದ ಬಾಗಿಲು, ಮಾತಾಡದ ಮನುಷ್ಯ, ಓಡದ ಯಂತ್ರ. ಹೊಸ ವಸ್ತು ಸಿಕ್ಕಾಗ ಆ ಪಟ್ಟಿಯನ್ನು ಒಮ್ಮೆ ಓದಿ. ಎಲ್ಲವನ್ನೂ ಎಲ್ಲದಕ್ಕೂ ಉಜ್ಜಿ ನೋಡುವ ಕಷ್ಟ ಇರುವುದಿಲ್ಲ.

ಸೇವ್ ಬಗ್ಗೆ ಒಂದೇ ನಿಯಮ: ಹಳೆಯದರ ಮೇಲೆ ಹೊಸದನ್ನು ಬರೆಯಬೇಡಿ. ಪ್ರತಿ ಸಲ ಹೊಸ ಸ್ಲಾಟ್, ಹೆಸರಿನಲ್ಲಿ ಎಲ್ಲಿದ್ದೀರಿ ಎಂದು ಬರೆಯಿರಿ. ‘ಲಿಫ್ಟ್ ಹತ್ತುವ ಮೊದಲು’ ಎಂಬಂತೆ. ವಾಪಸ್ ಬರಲಾಗದ ಜಾಗಕ್ಕೆ ಹೊರಟಿದ್ದೀರಿ ಅನಿಸಿದರೆ ಅಲ್ಲೊಂದು ಸೇವ್ ಬೇಕೇ ಬೇಕು.

ಇನ್ನೊಂದು ಬಲೆ ಇದೆ, ಅದು ಈಗ ಆಡುವವರಿಗೆ ಮಾತ್ರ. ಕೆಲವು ಒಗಟಿನ ಉತ್ತರ ಆಟದೊಳಗೆ ಇರುವುದೇ ಇಲ್ಲ, ಪೆಟ್ಟಿಗೆಯಲ್ಲಿ ಬಂದ ಪುಸ್ತಕದಲ್ಲಿ ಇರುತ್ತದೆ. ನಕಲು ಮಾಡಿದವರು ಆಡದಿರಲಿ ಅಂತ ಮಾಡಿದ ಉಪಾಯ. 1991ರ ‘ಸ್ಪೇಸ್ ಕ್ವೆಸ್ಟ್ 4’ರಲ್ಲಿ ಕಾಲಯಂತ್ರಕ್ಕೆ ಒತ್ತಬೇಕಾದ ಸಂಕೇತ ಜೊತೆಗಿದ್ದ ಪುಟ್ಟ ಪತ್ರಿಕೆಯಲ್ಲಿತ್ತು. ಇದು ಗೊತ್ತಿಲ್ಲದೆ ದಿನಗಟ್ಟಲೆ ಪರದೆಯನ್ನು ಗುದ್ದಾಡಿದವರಿದ್ದಾರೆ. ಯಾವುದೇ ಹಳೆಯ ಆಟ ಕೊಂಡರೆ ಅದರ ಜೊತೆ ಬರುವ ಪಿ.ಡಿ.ಎಫ್. ಕೈಪಿಡಿಯನ್ನು ಮೊದಲು ತೆರೆದು ಓದಿ. ಇದು ಮೋಸ ಅಲ್ಲ, ಆಟದ್ದೇ ಒಂದು ಭಾಗ.

ನಿಮ್ಮ ಆಟಕ್ಕೆ ಆ ತೊಂದರೆ ಇಲ್ಲ. ರೆವಲ್ಯೂಷನ್‌ನವರು 1994ರ ಈ ಆಟವನ್ನು 2003ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟರು. ಸ್ಕಮ್‌ವಿಎಂ ಎಂಬ ತಂತ್ರಾಂಶದ ಮೂಲಕ ಈಗಿನ ಯಾವ ಕಂಪ್ಯೂಟರಿನಲ್ಲಾದರೂ ಆಡಬಹುದು. ಅಮಿಗಾ ಕಂಪ್ಯೂಟರಿಗೆ ಬಂದಾಗ 15 ಫ್ಲಾಪಿಗಳಲ್ಲಿ ಬಂದಿತ್ತು! ನೀವು ಧ್ವನಿ ಇರುವ ಸಿ.ಡಿ. ಆವೃತ್ತಿಯನ್ನೇ ಹಾಕಿಕೊಳ್ಳಿ. ಮತ್ತೆ ಸ್ಕಮ್‌ವಿಎಂ ಸೆಟ್ಟಿಂಗ್‌ನಲ್ಲಿ ‘ಆಸ್ಪೆಕ್ಟ್ ರೇಶಿಯೋ ಕರೆಕ್ಷನ್’ ಆನ್ ಮಾಡಿ. ಈ ಚಿತ್ರಗಳು 320×200 ಚುಕ್ಕೆಗಳವು. ಆಗಿನ ಪರದೆಯಲ್ಲಿ ಅವು ಸ್ವಲ್ಪ ಉದ್ದಕ್ಕೆ ಎಳೆದು ಕಾಣುತ್ತಿದ್ದವು, ಕಲಾವಿದರು ಅದನ್ನು ನೋಡಿಕೊಂಡೇ ಬಿಡಿಸಿದ್ದರು. ಆನ್ ಮಾಡದಿದ್ದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಡೇವ್ ಗಿಬ್ಬನ್ಸ್ ಅವರಂಥ ಕಲಾವಿದರು ಕೆಲಸ ಮಾಡಿದ ಚಿತ್ರಗಳಿಗೆ ಹಾಗೆ ಮಾಡಬಾರದು.

ಸುಳಿವು ನೋಡಲೇಬಾರದಾ? ನೋಡಿ, ಆದರೆ ಇನ್ವಿಸಿಕ್ಲೂಸ್ ರೀತಿಯಲ್ಲಿ ನೋಡಿ. ‘ಯೂನಿವರ್ಸಲ್ ಹಿಂಟ್ ಸಿಸ್ಟಮ್’ ಎಂಬುದು 1988ರಿಂದ ಇದೆ. ಅದರಲ್ಲೂ ಹಾಗೆಯೇ ಒಂದೊಂದೇ ಸಾಲು ತೆರೆಯುತ್ತದೆ. ನನ್ನ ಲೆಕ್ಕ ಹೀಗಿದೆ: ಹೊಸ ಉಪಾಯ ಒಂದೂ ಹೊಳೆಯದೆ ಅರ್ಧ ಗಂಟೆ ಕಳೆದರೆ ಆಟ ಮುಚ್ಚಿ ಬೇರೆ ಕೆಲಸ ಮಾಡುತ್ತೇನೆ. ಮರುದಿನವೂ ಹೊಳೆಯದಿದ್ದರೆ ಒಂದೇ ಒಂದು ಸಾಲು ಸುಳಿವು. ಅದನ್ನು ಓದಿ ಆಟಕ್ಕೆ ವಾಪಸ್ ಬರುತ್ತೇನೆ. ಎರಡನೆಯ ಸಾಲು ಬೇಕಾಗುವುದು ಬಹಳ ಅಪರೂಪ. ಪೂರ್ತಿ ಉತ್ತರ ನೋಡಿದರೂ, ‘ಇದು ನನಗೆ ಎಲ್ಲಿ ತಪ್ಪಿಹೋಯಿತು?’ ಎಂದು ಹುಡುಕದೆ ಮುಂದೆ ಹೋಗುವುದಿಲ್ಲ. ಹುಡುಕಿದರೆ ಎಲ್ಲೋ ಒಂದು ಕಡೆ, ನಾನು ಗಡಿಬಿಡಿಯಲ್ಲಿ ಹಾರಿಸಿದ ಮಾತಿನಲ್ಲಿ, ಅದು ಸಿಗುತ್ತದೆ.

ಈಗ ನಿಮ್ಮ ವಿಷಯ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಉತ್ತರ ಗೊತ್ತಿರುವ ಒಗಟನ್ನು ಮತ್ತೆ ಬಿಡಿಸುವುದರಲ್ಲಿ ಸ್ವಾರಸ್ಯ ಇರುವುದಿಲ್ಲ. ಈಗ ಇರುವ ಜಾಗದಲ್ಲೇ ಒಂದು ಹೊಸ ಸ್ಲಾಟಿನಲ್ಲಿ ಸೇವ್ ಮಾಡಿ. ಮೊದಲ ಸಂಜೆ ಯಾವ ಒಗಟನ್ನೂ ಬಿಡಿಸಲು ಹೋಗಬೇಡಿ. ಹೋಗಲು ಸಾಧ್ಯವಿರುವ ಎಲ್ಲ ಕಡೆ ಹೋಗಿ, ಎಡ ಗುಂಡಿಯಲ್ಲಿ ಎಲ್ಲವನ್ನೂ ನೋಡಿ, ಬೀಗಗಳ ಪಟ್ಟಿ ಬರೆಯಿರಿ. ಸಿಕ್ಕ ಪ್ರತಿಯೊಬ್ಬರ ಹತ್ತಿರವೂ ಮಾತು ಪೂರ್ತಿ ಮುಗಿಯುವವರೆಗೆ ಮಾತಾಡಿ. ಜೋಯಿಯಿಂದಲೇ ಶುರು ಮಾಡಿ. ವಾಕ್‌ತ್ರೂ ಹಿಡಿದು ಬಂದವರು ಅವನು ಹೇಳುವುದರಲ್ಲಿ ಅರ್ಧವನ್ನೂ ಕೇಳಿರುವುದಿಲ್ಲ.